ಚೀನಿಕಾಯಿ ಬಳ್ಳಿಗೆ ಹುಳಿಮಣ್ಣು ಒಗ್ಗದು: ಹಿತ್ತಲ ಮಣ್ಣಿನ ಪಿಎಚ್ ಅಳೆದು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಿ ಎರಡು ಮಾರು ಹಬ್ಬಿ ನಿಂತುಬಿಡುತ್ತದೆ. ಎಲೆ ಅಂಗೈಗಿಂತ ಅಗಲವಾಗುವುದಿಲ್ಲ, ಬುಡದ ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಇನ್ನೆರಡು ಬುಟ್ಟಿ ಗೊಬ್ಬರ ಸುರಿದರೂ ಚೇತರಿಕೆ ಕಾಣದು. ಮಲೆನಾಡು ಮತ್ತು ಕರಾವಳಿಯ ಹಿತ್ತಲುಗಳಲ್ಲಿ ಸಿಹಿಗುಂಬಳ ಬೆಳೆಯುವವರು ಪ್ರತಿ ಮಳೆಗಾಲ ಹೇಳುವ ಮಾತಿದು. ನಾವು ಚೀನಿಕಾಯಿ ಎನ್ನುತ್ತೇವೆ, ತುಳುವರು ಕೆಂಬುಡೆ ಎನ್ನುತ್ತಾರೆ. ಹೆಸರು ಯಾವುದಾದರೂ ಬಳ್ಳಿಯ ಹಟ ಒಂದೇ: ತೀರಾ ಹುಳಿಯಾದ ಮಣ್ಣಿನಲ್ಲಿ ಅದು ಉಂಡು ಬೆಳೆಯುವುದಿಲ್ಲ.

ಇದಕ್ಕೆ ಸುಣ್ಣ ಹಾಕಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹಾಕಬೇಕು ಎಂಬುದನ್ನು ಹೆಚ್ಚಿನವರು ಕೈಯಳತೆಗೆ ಬಿಡುತ್ತಾರೆ. ನಾನೂ ಒಂದು ವರ್ಷ ಹಾಗೇ ಮಾಡಿದ್ದೆ. ಗುಂಡಿಗೊಂದು ಬುಟ್ಟಿ ಒಲೆಬೂದಿ, ಮೇಲೆ ಎರಡು ಬೊಗಸೆ ಸುಟ್ಟ ಸುಣ್ಣ ಹಾಕಿದ್ದೆ. ಆ ವರ್ಷ ಬುಡದ ಎಲೆ ಹಸಿರಾಗಿಯೇ ಉಳಿಯಿತು, ಕುಡಿ ಎಲೆಗಳು ಬಿಳಿಚಿಕೊಂಡವು. ಹುಳಿ ಹೋಗಿ ಮಣ್ಣು ಇನ್ನೊಂದು ತುದಿಗೆ ಜಿಗಿದಿತ್ತು. ಅಂದಿನಿಂದ ಅಳೆಯದೆ ಒಂದು ಚಮಚ ಸುಣ್ಣವನ್ನೂ ಹಾಕಿಲ್ಲ. ಅಳೆಯುವುದು ಕಷ್ಟದ ಕೆಲಸವಲ್ಲ, ಒಂದಿಷ್ಟು ತಾಳ್ಮೆ ಬೇಕು, ಅಷ್ಟೆ.

ಮಣ್ಣು ಹುಳಿಯಾಗುವುದೇಕೆ, ಬಳ್ಳಿ ಸೊರಗುವುದೇಕೆ

ಹುಳಿಯನ್ನು ಅಳೆಯುವ ಮಾನ ಪಿಎಚ್. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸೆನ್ 1909ರಲ್ಲಿ ಇದನ್ನು ಬಳಕೆಗೆ ತಂದರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ. ಒಂದು ಅಂಕಿ ಇಳಿದರೆ ಹುಳಿ 10 ಪಟ್ಟು ಏರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಅಂದರೆ ಪಿಎಚ್ 5 ಇರುವ ಮಣ್ಣು 6 ಇರುವ ಮಣ್ಣಿಗಿಂತ 10 ಪಟ್ಟು, 7 ಇರುವ ಮಣ್ಣಿಗಿಂತ 100 ಪಟ್ಟು ಹುಳಿ. ಸಿಹಿಗುಂಬಳಕ್ಕೆ ಹಿತವಾದುದು 6.0ರಿಂದ 6.8. ಏಳನ್ನು ತುಸು ದಾಟಿದರೂ ಸಹಿಸಿಕೊಳ್ಳುತ್ತದೆ, 5.5ಕ್ಕಿಂತ ಇಳಿದರೆ ಸೊರಗುತ್ತದೆ.

ನಮ್ಮ ಭಾಗದ ಮಣ್ಣಿನ ಹುಳಿಗೆ ಮಳೆಯೇ ಮೂಲ. ಸಾವಿರಾರು ವರ್ಷ ಸುರಿದ ಮಳೆ ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದು ಹೊಳೆಗೆ ಒಯ್ದಿದೆ. ಹಿಂದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮನೆ ಗೋಡೆಗೆ ಬಳಸುವ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು ಹುಟ್ಟಿದ್ದೂ ಹೀಗೆಯೇ. ಸ್ಕಾಟ್ಲೆಂಡಿನ ವೈದ್ಯ, ಪ್ರವಾಸಿ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಡಿಪುರಂ ಎಂಬಲ್ಲಿ ಕಂಡಿದ್ದ ಈ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದರ ಅರ್ಥವೂ ಇಟ್ಟಿಗೆಯೇ.

ಪಿಎಚ್ 5.5ಕ್ಕಿಂತ ಇಳಿದಾಗ ಆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೆ ವಿಷವಾಗುತ್ತದೆ. ಬೇರು ಮೊಂಡಾಗಿ, ದಪ್ಪಗಾಗಿ, ಕವಲೊಡೆಯದೆ ನಿಲ್ಲುತ್ತದೆ. ಸತ್ತ ಬಳ್ಳಿಯೊಂದನ್ನು ಕಿತ್ತು ನೋಡಿದರೆ ಕಣ್ಣಿಗೇ ಕಾಣುತ್ತದೆ. ಇತ್ತ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಸೇರಿ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಮಣ್ಣಿನಲ್ಲಿದೆ, ಬಳ್ಳಿಯ ಬಾಯಿಗೆ ಸಿಗದು. ಸುಣ್ಣ ಹಾಕಿದಾಗ ಕರಗಿದ್ದ ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಕೂರುತ್ತದೆ, ರಂಜಕ ಸಡಿಲವಾಗುತ್ತದೆ. ಬಳ್ಳಿಗೆ ಸುಣ್ಣದ ಕ್ಯಾಲ್ಸಿಯಂ ಕೂಡ ಸಿಗುತ್ತದೆ.

ಯಾವಾಗ ಶುರುಮಾಡಬೇಕು

ಬಿತ್ತುವ ಹಿಂದಿನ ದಿನ ಸುಣ್ಣ ಹಾಕಿದರೆ ಫಲವಿಲ್ಲ. ಪುಡಿ ಸುಣ್ಣ ಮಣ್ಣಿನ ಹುಳಿಯನ್ನು ತಗ್ಗಿಸಲು ತೇವವೂ ವಾರಗಳೂ ಬೇಕು. ಮಳೆಗಾಲದ ಬೆಳೆಗೆ ನಾನು ಹಿಡಿಯುವ ಲೆಕ್ಕ ಹೀಗಿದೆ: ಶಿವರಾತ್ರಿಯ ಹೊತ್ತಿಗೆ ಮಣ್ಣು ತೆಗೆದು ಅಳೆಯುವುದು, ಯುಗಾದಿಯೊಳಗೆ ಕೆಳಗೆ ಹೇಳಿರುವ ಜಾಡಿ ಪರೀಕ್ಷೆ ಮುಗಿಸುವುದು, ಅಶ್ವಿನಿಯ ಮೊದಲ ಹನಿ ಬಿದ್ದೊಡನೆ ಸುಣ್ಣ ಸೇರಿಸುವುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರಲ್ಲ, ಆ ಮಳೆಯ ತೇವದಲ್ಲಿ ಬೆರೆಸಿದ ಸುಣ್ಣ ಕೆಲಸ ಶುರುಮಾಡುತ್ತದೆ. ಕೃತ್ತಿಕೆಯಲ್ಲಿ ಗೊಬ್ಬರ, ರೋಹಿಣಿಯಲ್ಲಿ ಬೀಜ. ಏಪ್ರಿಲ್‌ನಲ್ಲಿ ಮಳೆ ಕೈಕೊಟ್ಟರೆ ವಾರಕ್ಕೆರಡು ಬಾರಿ ನೀರು ಹನಿಸಿ ತೇವ ಉಳಿಸಿಕೊಳ್ಳಬೇಕು. ಡಿಸೆಂಬರ್-ಜನವರಿಯಲ್ಲಿ ಬಿತ್ತುವವರು ಸೆಪ್ಟೆಂಬರ್ ಕೊನೆಯಲ್ಲಿ ಶುರುಮಾಡಿದರೆ ಸಮಯ ಸರಿಹೋಗುತ್ತದೆ.

ಮೊದಲ ಹಂತ: ಮಣ್ಣಿನ ಮಾದರಿ

ತಪ್ಪು ಅಳತೆಗಳಲ್ಲಿ ಹೆಚ್ಚಿನವು ಯಂತ್ರದಿಂದ ಬರುವುದಲ್ಲ, ತಪ್ಪು ಮಾದರಿಯಿಂದ ಬರುತ್ತವೆ. ಹಿತ್ತಲಲ್ಲಿ ಎಲ್ಲೋ ಒಂದು ಕಡೆ ಒಂದು ಹಿಡಿ ಮಣ್ಣು ಎತ್ತಿ ಅಳೆದರೆ ಆ ಒಂದು ಹಿಡಿಯ ಪಿಎಚ್ ಮಾತ್ರ ತಿಳಿಯುತ್ತದೆ.

1. ಚೀನಿಕಾಯಿ ಹಾಕಲಿರುವ ಜಾಗವನ್ನು ಅಡ್ಡಾದಿಡ್ಡಿಯಾಗಿ ನಡೆದು 8ರಿಂದ 10 ಕಡೆ ಗುರುತು ಮಾಡಿ. ಗೊಬ್ಬರ ಗುಂಡಿಯ ಪಕ್ಕ, ಬಚ್ಚಲ ನೀರು ಹರಿಯುವಲ್ಲಿ, ಒಲೆಬೂದಿ ಚೆಲ್ಲುವಲ್ಲಿ, ಗೋಡೆಯ ಸಿಮೆಂಟು ಉದುರಿದಲ್ಲಿ, ಮರದ ಬುಡದಲ್ಲಿ ಬೇಡ. ಸಿಮೆಂಟಿನ ಪುಡಿಯೇ ಪಿಎಚ್ ಏರಿಸುತ್ತದೆ.

2. ಮೇಲಿನ ತರಗೆಲೆ ಸರಿಸಿ, ಸುಮಾರು 15 ಸೆಂಟಿಮೀಟರ್ ಆಳಕ್ಕೆ, ಇಂಗ್ಲಿಷಿನ ವಿ ಆಕಾರದಲ್ಲಿ ತೋಡಿ. ಅದರ ಒಂದು ಗೋಡೆಯಿಂದ ಮೇಲಿಂದ ಕೆಳತನಕ ಒಂದು ಅಂಗುಲ ದಪ್ಪದ ಪದರವನ್ನು ಕತ್ತರಿಸಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ.

3. ಎಲ್ಲ ಕಡೆಯ ಮಣ್ಣನ್ನು ಕಲಸಿ ಕಾಗದದ ಮೇಲೆ ಹರಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಇಟ್ಟುಕೊಳ್ಳಿ, ಉಳಿದೆರಡನ್ನು ಚೆಲ್ಲಿ. ಪ್ರಯೋಗಾಲಯಕ್ಕೆ ಕಳಿಸಲು ಅರ್ಧ ಕಿಲೋ ಸಾಕು. ಜಾಡಿ ಪರೀಕ್ಷೆಗೆ ಇನ್ನೂ 5 ಕಿಲೋ ಬೇಕಾಗುವುದರಿಂದ ಮೊದಲೇ ಹೆಚ್ಚು ತೆಗೆದಿಟ್ಟುಕೊಳ್ಳಿ.

4. ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ, ಒಲೆಯ ಮೇಲಂತೂ ಬೇಡವೇ ಬೇಡ. ಹೆಂಟೆ ಪುಡಿಮಾಡಿ ಜರಡಿ ಹಿಡಿದು ಕಲ್ಲು, ಬೇರು ತೆಗೆಯಿರಿ.

ಹೊಸದಾಗಿ ಮಣ್ಣು ತುಂಬಿಸಿದ ಜಾಗವೂ ಹಳೆಯ ಹಿತ್ತಲೂ ಎರಡೂ ಇದ್ದರೆ ಎರಡು ಮಾದರಿ ಬೇರೆಬೇರೆಯಾಗಿಯೇ ಇರಲಿ. ಧರೆ ಕಡಿದು ಸಮ ಮಾಡಿದ ಜಾಗದಲ್ಲಿ ಮೇಲೆ ಬಂದಿರುವುದು ಅಡಿಮಣ್ಣು. ಅದು ಪಕ್ಕದ ಹಳೆಯ ಮಣ್ಣಿಗಿಂತ ಬಹಳ ಹುಳಿಯಾಗಿರಬಹುದು.

ಎರಡನೆಯ ಹಂತ: ಅಳೆಯುವುದು

ಮೊದಲು ಯಾವುದು ಬೇಡ ಎಂದು ಹೇಳಿಬಿಡುತ್ತೇನೆ. ಅಡುಗೆ ಸೋಡಾ ಹಾಕಿ ನೊರೆ ಬಂದರೆ ಹುಳಿ ಎನ್ನುವ ಪರೀಕ್ಷೆ ನಮ್ಮ ಮಣ್ಣಿಗೆ ಪ್ರಯೋಜನಕ್ಕಿಲ್ಲ. 5.1 ಇದ್ದ ನನ್ನ ಹಿತ್ತಲ ಮಣ್ಣಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಅರಿಸಿನದ ಕಾಗದ ಕೆಂಪಾಗುವುದು ಕ್ಷಾರಕ್ಕೆ ಮಾತ್ರ, ಹುಳಿಯ ಬಗ್ಗೆ ಅದು ಏನೂ ಹೇಳದು. ಕೆಂಪು ದಾಸವಾಳದ ರಸ ಗಟ್ಟಿ ಹುಳಿಗೆ ಕಡುಗುಲಾಬಿಯಾಗಿ, ಕ್ಷಾರಕ್ಕೆ ಹಸಿರಾಗಿ ತಿರುಗುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚಂದದ ಪಾಠ ಇನ್ನೊಂದಿಲ್ಲ. ಆದರೆ ನಮಗೆ ಬೇಕಾದದ್ದು 5 ಮತ್ತು 6.5ರ ನಡುವಿನ ವ್ಯತ್ಯಾಸ, ಅಲ್ಲಿ ದಾಸವಾಳದ ಬಣ್ಣ ಸ್ಪಷ್ಟವಿಲ್ಲ. ಮಣ್ಣಿಗೆ ನೇರವಾಗಿ ಚುಚ್ಚುವ, ಬ್ಯಾಟರಿ ಇಲ್ಲದ ಎರಡು-ಮೂರು ಕಡ್ಡಿಯ ಅಗ್ಗದ ಮೀಟರನ್ನೂ ನಾನು ನಂಬುವುದಿಲ್ಲ. ಮಣ್ಣಿನ ತೇವ ಬದಲಾದಂತೆ ಅದರ ಮುಳ್ಳೂ ಬದಲಾಗುತ್ತದೆ.

ಉಳಿಯುವುದು ಮೂರು ದಾರಿ.

ಪಿಎಚ್ ಕಾಗದ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಇದು ಹೊಸದಲ್ಲ, ಮೈಲುತುತ್ತು ಮತ್ತು ಸುಣ್ಣ ಸರಿ ಕೂಡಿತೇ ಎಂದು ನೋಡಲು ಕಾಗದ ಅದ್ದುವ ರೂಢಿ ಇದ್ದೇ ಇದೆ. ಆದರೆ ಕೆಂಪು-ನೀಲಿ ಲಿಟ್ಮಸ್ ಸಾಲದು, ಅಂಕಿಯ ಬಣ್ಣಪಟ್ಟಿ ಇರುವ ಕಾಗದವೇ ಬೇಕು. ಅರ್ಧ ಅಂಕಿ ಆಚೀಚೆ ತೋರಿಸುತ್ತದೆ. ಕೆಮ್ಮಣ್ಣಿನ ರಾಡಿ ಕಾಗದಕ್ಕೆ ಮೆತ್ತಿದರೆ ಬಣ್ಣ ಓದಲಾಗದು, ತಿಳಿ ನೀರನ್ನಷ್ಟೇ ಮುಟ್ಟಿಸಬೇಕು.

ಪಿಎಚ್ ಪೆನ್. ಗಾಜಿನ ಗುಂಡಿನ ತುದಿಯ ಈ ಉಪಕರಣವೇ ಹಿತ್ತಲ ಕೃಷಿಕರಿಗೆ ಸೂಕ್ತ. ಜೊತೆಗೆ 4.01, 6.86, 9.18 ಎಂದು ಬರೆದ ಪುಡಿಯ ಪೊಟ್ಟಣಗಳು ಬರುತ್ತವೆ. ಅವುಗಳನ್ನು ಹೇಳಿದಷ್ಟು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಪೆನ್ನನ್ನು ಮೊದಲು 6.86ಕ್ಕೆ, ಆಮೇಲೆ 4.01ಕ್ಕೆ ಹೊಂದಿಸಿಕೊಳ್ಳಬೇಕು. ಈ ಕೆಲಸ ಬಿಟ್ಟರೆ ಪೆನ್ ತೋರಿಸುವ ಅಂಕಿಗೆ ಬೆಲೆಯಿಲ್ಲ. ನಾನು ಪ್ರತಿ ಬಾರಿ ಅಳೆಯುವ ದಿನ ಹೊಂದಿಸುತ್ತೇನೆ.

ಪ್ರಯೋಗಾಲಯ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಬ್ರಹ್ಮಾವರ, ಶಿರಸಿ, ಮೂಡಿಗೆರೆ, ಮಂಗಳೂರು, ಶಿವಮೊಗ್ಗದಲ್ಲಿ ಅವು ಇವೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ ಸೇರಿ 12 ಅಂಶಗಳಿರುತ್ತವೆ. ಸಾವಯವ ಇಂಗಾಲ, ಬೋರಾನ್, ಸತುವಿನ ಮಟ್ಟವೂ ತಿಳಿಯುವುದರಿಂದ ಮೂರು ವರ್ಷಕ್ಕೊಮ್ಮೆಯಾದರೂ ಈ ದಾರಿ ಹಿಡಿಯುವುದು ಒಳ್ಳೆಯದು. ಸುಣ್ಣದ ಅಗತ್ಯ ಎಷ್ಟೆಂದು ಬರೆದುಕೊಡುತ್ತಾರೆಯೇ ಎಂದೂ ಕೇಳಿ. ಅದಕ್ಕೆ ಪ್ರತ್ಯೇಕ ಬಫರ್ ಪರೀಕ್ಷೆ ಇದೆ.

ಮನೆಯಲ್ಲಿ ಪೆನ್ನಿನಿಂದ ಅಳೆಯುವ ಕ್ರಮ ಇದು:

1. ಒಣಗಿಸಿ ಜರಡಿ ಹಿಡಿದ ಮಣ್ಣು 20 ಗ್ರಾಂ, ಭಟ್ಟಿ ಇಳಿಸಿದ ನೀರು 50 ಮಿಲಿಲೀಟರ್. ಒಂದಕ್ಕೆ ಎರಡೂವರೆ, ನಮ್ಮ ಪ್ರಯೋಗಾಲಯಗಳು ಅನುಸರಿಸುವುದೂ ಇದೇ ಪ್ರಮಾಣ. ವಾಹನದ ಬ್ಯಾಟರಿಗೆ ಹಾಕುವ ನೀರು ಆಗುತ್ತದೆ. ಆದರೆ ಕೊಳ್ಳುವಾಗ ಅದು ನೀರೇ ಹೊರತು ಬ್ಯಾಟರಿ ಆಸಿಡ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬೋರ್‌ವೆಲ್ ನೀರಂತೂ ಬೇಡ. ಅದರಲ್ಲಿ ಕರಗಿರುವ ಸುಣ್ಣದ ಅಂಶ ಅಂಕಿಯನ್ನು ಮೇಲೆತ್ತುತ್ತದೆ.

2. ಗಾಜಿನ ಲೋಟದಲ್ಲಿ ಅರ್ಧ ಗಂಟೆ ಆಗಾಗ ಕಲಕುತ್ತಿರಿ.

3. ಕೊನೆಯ ಬಾರಿ ಕಲಕಿದೊಡನೆ ಪೆನ್ನಿನ ತುದಿ ಅದ್ದಿ ಅಂಕಿ ನಿಲ್ಲುವ ತನಕ ಕಾಯಿರಿ. ಒಂದೆರಡು ನಿಮಿಷ ಹಿಡಿಯಬಹುದು.

4. ಅದೇ ಮಾದರಿಯಿಂದ ಮೂರು ಲೋಟ ಮಾಡಿ, ಮೂರರ ಸರಾಸರಿ ಬರೆದುಕೊಳ್ಳಿ. ತಾರೀಕನ್ನೂ ಬರೆಯಿರಿ. ಒಂದೇ ಮಣ್ಣು ಬೇಸಿಗೆಯಲ್ಲಿ ಒಂದು ಅಂಕಿ, ಮಳೆಗಾಲದಲ್ಲಿ ಇನ್ನೊಂದು ತೋರಿಸುತ್ತದೆ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಒಂದೇ ತಿಂಗಳಲ್ಲಿ ಅಳೆದಿರಬೇಕು.

ಅಂಕಿ 6ಕ್ಕಿಂತ ಮೇಲಿದ್ದರೆ ಸುಣ್ಣದ ಮಾತು ಬಿಟ್ಟು ಗೊಬ್ಬರದ ಕಡೆ ನೋಡಿ. 6ಕ್ಕಿಂತ ಕೆಳಗಿದ್ದರೆ ಮುಂದೆ ಓದಿ.

ಮೂರನೆಯ ಹಂತ: ಜಾಡಿ ಪರೀಕ್ಷೆ

ಈ ಬರಹದಲ್ಲಿ ಒಂದನ್ನೇ ಮಾಡಿ ನೋಡುವುದಾದರೆ ಇದನ್ನು ಮಾಡಿ. ಇಷ್ಟು ಪಿಎಚ್‌ಗೆ ಇಷ್ಟು ಸುಣ್ಣ ಎಂಬ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗದು. ಮರಳುಮಣ್ಣಿಗೆ ಸ್ವಲ್ಪ ಸುಣ್ಣವೇ ಹೆಚ್ಚು, ಜೇಡಿಗೆ ಬಹಳ ಬೇಕು. ತರಗೆಲೆ ಕೊಳೆತು ಕಪ್ಪಾದ ಮಣ್ಣಿಗೆ ಇನ್ನೂ ಬೇಕು. ಅದೇ 5.1 ಇದ್ದರೂ ನನ್ನ ಮಣ್ಣಿನ ಲೆಕ್ಕ ನಿಮ್ಮ ಮಣ್ಣಿಗೆ ಹೊಂದದು. ಎಷ್ಟು ಬೇಕೆಂದು ಮಣ್ಣನ್ನೇ ಕೇಳಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 200 ಕಿಲೋ ತೂಗುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಒಂದು ಚೀನಿಕಾಯಿ ಗುಂಡಿಯ ಮಣ್ಣೂ ಸುಮಾರು ಅಷ್ಟೇ. ಆದ್ದರಿಂದ ಜಾಡಿಯಲ್ಲಿ ಒಂದು ಕಿಲೋ ಮಣ್ಣಿಗೆ 1 ಗ್ರಾಂ ಸುಣ್ಣ ಎಂದರೆ ಗುಂಡಿಗೆ 200 ಗ್ರಾಂ, ಚದರ ಮೀಟರಿಗೂ 200 ಗ್ರಾಂ.

ಅರ್ಧ ಗ್ರಾಂ ಸುಣ್ಣವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲಾಗದು. ಅದಕ್ಕೊಂದು ಉಪಾಯವಿದೆ: 10 ಗ್ರಾಂ ಸುಣ್ಣದ ಪುಡಿಯನ್ನು, ಚೆನ್ನಾಗಿ ತೊಳೆದು ಒಣಗಿಸಿದ 90 ಗ್ರಾಂ ಹೊಳೆಮರಳಿನ ಜೊತೆ ಡಬ್ಬಿಗೆ ಹಾಕಿ ಹತ್ತು ನಿಮಿಷ ಕುಲುಕಿ. ಈಗ ಆ ಮಿಶ್ರಣದ 10 ಗ್ರಾಂನಲ್ಲಿ 1 ಗ್ರಾಂ ಸುಣ್ಣವಿದೆ. ಸಮುದ್ರದ ಮರಳು ಬೇಡ, ಅದರಲ್ಲಿ ಚಿಪ್ಪಿನ ಚೂರಿರುತ್ತದೆ.

1. ನಾಲ್ಕು ಜಾಡಿ ಅಥವಾ ಹಳೆಯ ಪ್ಲಾಸ್ಟಿಕ್ ಡಬ್ಬಿಗಳಿಗೆ ತಲಾ ಒಂದು ಕಿಲೋ ಒಣಮಣ್ಣು ತೂಗಿ ಹಾಕಿ.

2. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಮಿಶ್ರಣ 5 ಗ್ರಾಂ, ಮೂರನೆಯದಕ್ಕೆ 10, ನಾಲ್ಕನೆಯದಕ್ಕೆ 20. ಅಂದರೆ ಸುಣ್ಣ 0, ಅರ್ಧ, 1 ಮತ್ತು 2 ಗ್ರಾಂ. ಗುಂಡಿಗೆ ಹಾಕಲು ತಂದಿರುವ ಸುಣ್ಣವನ್ನೇ ಇಲ್ಲೂ ಬಳಸಬೇಕು.

3. ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಆಮೇಲೆ ಭಟ್ಟಿ ಇಳಿಸಿದ ನೀರನ್ನೋ ಮಳೆನೀರನ್ನೋ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು.

4. ಮುಚ್ಚಳವನ್ನು ಸಡಿಲವಾಗಿಟ್ಟು ನೆರಳಲ್ಲಿಡಿ. ವಾರಕ್ಕೊಮ್ಮೆ ಕೈಯಾಡಿಸಿ, ಒಣಗಿದ್ದರೆ ನೀರು ಚಿಮುಕಿಸಿ. ಮೂರರಿಂದ ನಾಲ್ಕು ವಾರ ಹೀಗಿರಲಿ.

5. ಪ್ರತಿ ಜಾಡಿಯಿಂದ ಸ್ವಲ್ಪ ಮಣ್ಣು ತೆಗೆದು ಒಣಗಿಸಿ ಹಿಂದಿನ ಕ್ರಮದಲ್ಲೇ ಅಳೆಯಿರಿ.

ನನ್ನ ಜಾಡಿಗಳು ತೋರಿಸಿದ್ದು 5.1, 5.4, 5.8, 6.6. ನನಗೆ ಬೇಕಾದದ್ದು 6.2ರ ಆಸುಪಾಸು, ಅಂದರೆ ಮೂರು ಮತ್ತು ನಾಲ್ಕನೆಯ ಜಾಡಿಗಳ ನಡುವೆ. ಕಿಲೋಗೆ ಒಂದೂವರೆ ಗ್ರಾಂ, ಗುಂಡಿಗೆ 300 ಗ್ರಾಂ. ಹಿಂದೆ ಎರಡು ಬೊಗಸೆ ಸುಟ್ಟ ಸುಣ್ಣದ ಮೇಲೆ ಒಂದು ಬುಟ್ಟಿ ಬೂದಿ ಸುರಿದಿದ್ದೆನಲ್ಲ, ಅದು ಎಷ್ಟು ಮಿತಿಮೀರಿತ್ತೆಂದು ಆ ದಿನ ತಿಳಿಯಿತು.

ಗುರಿಯನ್ನು 7ಕ್ಕೆ ಇಡಬೇಡಿ. ನಮ್ಮ ಕೆಮ್ಮಣ್ಣನ್ನು 6.5ರ ಮೇಲೆ ಒತ್ತಿ ಏರಿಸಿದರೆ ಸತು, ಬೋರಾನ್, ಮ್ಯಾಂಗನೀಸ್‌ಗಳು ಬಳ್ಳಿಗೆ ಸಿಗದೆ ಹೋಗುತ್ತವೆ.

ಜಾಡಿ ಪರೀಕ್ಷೆಗೆ ಈ ಬಾರಿ ಸಮಯವಿಲ್ಲ ಎನ್ನುವವರು ಕಡಿಮೆಯಿಂದ ಶುರುಮಾಡಲಿ. ಪಿಎಚ್ 5.5ರಿಂದ 6 ಇದ್ದರೆ ಗುಂಡಿಗೆ 100 ಗ್ರಾಂ, 5ರಿಂದ 5.5 ಇದ್ದರೆ 150ರಿಂದ 200, ಐದಕ್ಕಿಂತ ಕೆಳಗಿದ್ದರೆ 250 ಗ್ರಾಂ. ಸಾಲದಿದ್ದರೆ ಮುಂದಿನ ವರ್ಷ ಇನ್ನಷ್ಟು ಸೇರಿಸಬಹುದು. ಹಾಕಿದ ಸುಣ್ಣವನ್ನು ವಾಪಸು ತೆಗೆಯಲಾಗದು.

ಯಾವ ಸುಣ್ಣ

ಮೇಲಿನ ಗ್ರಾಂ ಲೆಕ್ಕವೆಲ್ಲ ಕೃಷಿ ಸುಣ್ಣಕ್ಕೆ, ಅಂದರೆ ಸುಡದೆ ನುಣ್ಣಗೆ ಅರೆದ ಸುಣ್ಣದ ಕಲ್ಲಿನ ಪುಡಿಗೆ. ಹುಳಿ ತಗ್ಗಿಸುವ ಅದರ ಶಕ್ತಿಯನ್ನು 100 ಎಂದಿಟ್ಟುಕೊಂಡರೆ, ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಕಲ್ಲಾದ ಡಾಲೊಮೈಟ್‌ನದು ಸುಮಾರು 109, ನೀರು ಹಾಕಿ ಅರಳಿಸಿದ ಸುಣ್ಣದ್ದು 135, ಸುಟ್ಟ ಸುಣ್ಣದ್ದು 179. ಅರಳಿಸಿದ ಸುಣ್ಣವಾದರೆ ಮುಕ್ಕಾಲು ಪಾಲು ಸಾಕು: 300ರ ಬದಲು 220 ಗ್ರಾಂ.

ನನ್ನ ಆಯ್ಕೆ ಡಾಲೊಮೈಟ್. ಮಳೆ ತೊಳೆದು ಒಯ್ದದ್ದು ಕ್ಯಾಲ್ಸಿಯಂ ಒಂದೇ ಅಲ್ಲ, ಮೆಗ್ನೀಸಿಯಂ ಕೂಡ. ಬುಡದ ಎಲೆಗಳು ನರಗಳ ನಡುವೆ ಹಳದಿಯಾಗುವುದು ಬಹುಪಾಲು ಅದರ ಕೊರತೆಯಿಂದ. ಡಾಲೊಮೈಟ್ ಎರಡನ್ನೂ ಕೊಡುತ್ತದೆ. ಸ್ವಲ್ಪ ನಿಧಾನ, ಆದರೆ ಎರಡು-ಮೂರು ವರ್ಷ ಕೆಲಸ ಮಾಡುತ್ತದೆ.

ಕರಾವಳಿಯವರಿಗೆ ಚಿಪ್ಪಿನ ಸುಣ್ಣ ಹತ್ತಿರದಲ್ಲೇ ಸಿಗುತ್ತದೆ. ಅದನ್ನು ಅರಳಿಸಿ, ಪುಡಿಯಾಗಿ ಆರಿದ ಮೇಲೆಯೇ ಬಳಸಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕೊತಕೊತ ಕುದಿಯುತ್ತದೆ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕನ್ನಡಕ ಹಾಕಿಕೊಳ್ಳಿ. ಯಾವುದೇ ಸುಣ್ಣದ ಪುಡಿಯನ್ನು ಎರಚುವಾಗಲೂ ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.

ತಂದ ಪುಡಿ ನಿಜವಾಗಿ ಸುಣ್ಣದ ಕಲ್ಲಿನದೇ ಎಂದು ತಿಳಿಯಲು ಒಂದು ಚಮಚ ಪುಡಿಗೆ ನಿಂಬೆರಸವನ್ನೋ ವಿನೆಗರನ್ನೋ ಹಿಂಡಿ. ಕೃಷಿ ಸುಣ್ಣ ಬುರಬುರನೆ ನೊರೆಯಾಡುತ್ತದೆ. ಡಾಲೊಮೈಟ್ ಮೆಲ್ಲಗೆ ನೊರೆಯಾಡುತ್ತದೆ. ಜಿಪ್ಸಂನಲ್ಲಿ ನೊರೆಯೇ ಇಲ್ಲ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಆದರೆ ಹುಳಿಯನ್ನು ತಗ್ಗಿಸುವುದಿಲ್ಲ. ಎರಡೂ ಬಿಳಿ ಪುಡಿಯೇ ಆದ್ದರಿಂದ ಒಂದರ ಬದಲು ಇನ್ನೊಂದು ತರುವ ತಪ್ಪು ಸುಲಭವಾಗಿ ಆಗುತ್ತದೆ. ಚೆನ್ನಾಗಿ ಅರಳಿಸಿದ ಹೊಸ ಸುಣ್ಣವೂ ನೊರೆಯಾಡದು. ಗಾಳಿಗೆ ತೆರೆದಿಟ್ಟು ಹಳತಾದ ಮೇಲೆ ಅದೇ ಸುಣ್ಣ ನೊರೆಯಾಡಲು ಶುರುಮಾಡಿದರೆ ಅದು ಮತ್ತೆ ಕಲ್ಲಿನ ಗುಣಕ್ಕೆ ತಿರುಗಿದೆ ಎಂದರ್ಥ. ಆಗ ಮುಕ್ಕಾಲು ಪಾಲಲ್ಲ, ಪೂರ್ತಿ ಪ್ರಮಾಣವೇ ಬೇಕು.

ಬೂದಿಯ ಬಗ್ಗೆ ಎರಡು ಮಾತು. ಸೌದೆಯ ಬೂದಿ ಹುಳಿ ತಗ್ಗಿಸುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಚೀನಿಕಾಯಿಗೆ ಅದು ಬೇಕು ಕೂಡ. ಆದರೆ ಯಾವ ಮರದ್ದು, ಮಳೆಯಲ್ಲಿ ನೆನೆದಿತ್ತೇ ಎಂಬುದರ ಮೇಲೆ ಅದರ ಶಕ್ತಿ ಬಹಳ ಹೆಚ್ಚುಕಡಿಮೆಯಾಗುತ್ತದೆ. ಸುಣ್ಣದ ಅರ್ಧಕ್ಕಿಂತ ಕಡಿಮೆಯೂ ಇರಬಹುದು. ಬೂದಿಯನ್ನೇ ನೆಚ್ಚಿಕೊಳ್ಳುವವರು ಜಾಡಿ ಪರೀಕ್ಷೆಯನ್ನು ಅದೇ ಬೂದಿಯಲ್ಲಿ ಮಾಡಲಿ. ನಾನು ಗುಂಡಿಗೆ ಎರಡು ಹಿಡಿ ದಾಟಿಸುವುದಿಲ್ಲ. ಉಡುಪಿ, ದಕ್ಷಿಣ ಕನ್ನಡದ ಹಿರಿಯರು ತರಗೆಲೆಯ ಜೊತೆ ಮಣ್ಣನ್ನು ಸುಟ್ಟು ಮಾಡುತ್ತಿದ್ದ ಸುಡುಮಣ್ಣಿನ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ಪಿಎಚ್ ಎಂಬ ಹೆಸರಿಲ್ಲದೆಯೇ ಅವರು ತರಕಾರಿ ಬುಡದ ಹುಳಿಯನ್ನು ತಗ್ಗಿಸುತ್ತಿದ್ದರು.

ನಾಲ್ಕನೆಯ ಹಂತ: ಮಣ್ಣಿಗೆ ಸೇರಿಸುವುದು

ಸುಣ್ಣ ಮಣ್ಣಿನಲ್ಲಿ ನಡೆದುಹೋಗುವುದಿಲ್ಲ. ಇಟ್ಟಲ್ಲೇ ಇರುತ್ತದೆ, ತಾಗಿದ ಮಣ್ಣನ್ನಷ್ಟೇ ಸರಿಪಡಿಸುತ್ತದೆ. ಗುಂಡಿಯ ತಳಕ್ಕೆ ಸುರಿದು ಮೇಲೆ ಮಣ್ಣು ಮುಚ್ಚಿದರೆ ಅಲ್ಲೊಂದು ಬಿಳಿ ಬಿಲ್ಲೆ ಉಳಿಯುತ್ತದೆ. ಮರುವರ್ಷ ಅಗೆದಾಗ ಹಾಗೇ ಸಿಗುತ್ತದೆ.

ಗುಂಡಿಯ ಮಣ್ಣನ್ನು ಪೂರ್ತಿ ಹೊರಗೆ ತೆಗೆದು ಹರಡಿ, ಹೆಂಟೆ ಒಡೆಯಿರಿ. ತೂಗಿದ ಸುಣ್ಣವನ್ನು ತೆಳುಬಟ್ಟೆಯ ಗಂಟಿನಲ್ಲಿಟ್ಟು ಅದರ ಮೇಲೆ ಕುಟ್ಟುತ್ತ ಉದುರಿಸಿ. ಗುದ್ದಲಿಯಲ್ಲಿ ಮೂರು ಬಾರಿ ಮಗುಚಿ ಬೆರೆಸಿ ಗುಂಡಿಗೆ ವಾಪಸು ತುಂಬಿ. ಮಣ್ಣು ಹಸಿಯಾಗಿರಲಿ, ರಾಡಿಯಾಗಿರಬಾರದು.

ಗುಂಡಿಯೊಂದನ್ನೇ ಸರಿಪಡಿಸಿ ಬಿಡಬೇಡಿ. ಚೀನಿಕಾಯಿಯ ಬೇರು ಗುಂಡಿಯೊಳಗೆ ಕಾಲು ಮಡಿಸಿ ಕೂರುವುದಿಲ್ಲ, ಬಳ್ಳಿ ಹೋದತ್ತ ಬೇರೂ ಹೋಗುತ್ತದೆ. ಗೆಣ್ಣಿಗೆ ಮಣ್ಣು ಸಿಕ್ಕಲ್ಲೆಲ್ಲ ಹೊಸ ಬೇರು ಬಿಡುತ್ತದೆ. ಗುಂಡಿಯ ಆಚೆ ಬರೀ ಹುಳಿಮಣ್ಣಿದ್ದರೆ ಬಳ್ಳಿ ಮೊದಲ ತಿಂಗಳು ನಲಿದು ಆಮೇಲೆ ನಿಲ್ಲುತ್ತದೆ. ಮೊದಲ ವರ್ಷ ನನಗೆ ಅರ್ಥವಾಗದೆ ಉಳಿದದ್ದು ಇದೇ. ಈಗ ಗುಂಡಿಯ ಸುತ್ತ ಒಂದೂವರೆ ಮೀಟರ್ ತನಕ, ಚದರ ಮೀಟರಿಗೆ 100 ಗ್ರಾಂ ಲೆಕ್ಕದಲ್ಲಿ ಸುಣ್ಣ ಎರಚಿ ಮೇಲಿನ ನಾಲ್ಕು ಅಂಗುಲ ಮಣ್ಣನ್ನು ಕೆದಕಿ ಬೆರೆಸುತ್ತೇನೆ.

ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಒಟ್ಟಿಗೆ ಸೇರಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರುತ್ತದೆ. ಆ ಮೂಗಿಗೆ ಹೊಡೆಯುವ ವಾಸನೆಯೇ ಬಳ್ಳಿ ಕಳೆದುಕೊಂಡ ಗೊಬ್ಬರ. ನಡುವೆ ಮೂರು ವಾರವಾದರೂ ಬಿಡಿ. ಆಮೇಲೆ ಗುಂಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕಳಿತ ಗೊಬ್ಬರ ತಾನೇ ಅಲ್ಯೂಮಿನಿಯಮ್ಮನ್ನು ಹಿಡಿದಿಟ್ಟುಕೊಂಡು ಬೇರನ್ನು ಕಾಯುತ್ತದೆ, ಆದ್ದರಿಂದ ಸುಣ್ಣ ಹಾಕಿದೆವೆಂದು ಗೊಬ್ಬರ ತಪ್ಪಿಸಬೇಡಿ. ಮಳೆಗಾಲದಲ್ಲಿ ಗುಂಡಿ ನೆಲಮಟ್ಟಕ್ಕೆ ಉಳಿದರೆ ಕೆರೆಯಾಗುತ್ತದೆ. ಮಣ್ಣನ್ನು ಒಂದು ಗೇಣು ಏರಿಸಿ ಗುಪ್ಪೆ ಮಾಡಿ, ಅದರ ನೆತ್ತಿಯಲ್ಲಿ ಮೂರು-ನಾಲ್ಕು ಬೀಜ ಊರಿ. ಗಟ್ಟಿಯಾದ ಎರಡನ್ನು ಉಳಿಸಿಕೊಂಡರೆ ಸಾಕು. ಸಣ್ಣ ಹಿತ್ತಲಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮತ್ತು ಅರ್ಕಾ ಚಂದನ್ ಚೆನ್ನಾಗಿ ಹೊಂದುತ್ತವೆ, ಎರಡೂ ಕೈಯಲ್ಲಿ ಎತ್ತುವಷ್ಟೇ ಗಾತ್ರದ ಕಾಯಿ ಬಿಡುತ್ತವೆ.

ಮೇಲುಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್ ಬೇಡ. ಅದರ 100 ಕಿಲೋ ಉಂಟುಮಾಡುವ ಹುಳಿ ಕಳೆಯಲು 110 ಕಿಲೋ ಸುಣ್ಣದ ಕಲ್ಲು ಬೇಕು. ಯೂರಿಯಾದ 100 ಕಿಲೋಗೆ ಸುಮಾರು 80. ಒಂದು ಕೈಯಲ್ಲಿ ಸುಣ್ಣ ಹಾಕಿ ಇನ್ನೊಂದು ಕೈಯಲ್ಲಿ ಹುಳಿ ಸೇರಿಸುವ ಕೆಲಸವಾಗುತ್ತದೆ ಅದು. ನೆಲಗಡಲೆ ಹಿಂಡಿ ನೆನೆಸಿದ ನೀರು ಅಥವಾ ಸೆಗಣಿ-ಗಂಜಲದ ಗೊಬ್ಬರ ಹಿತ್ತಲಿಗೆ ಸಾಕು.

ಬಯಲುಸೀಮೆಯವರಿಗೆ

ಚಿತ್ರದುರ್ಗ, ಕೋಲಾರ, ಬಾಗಲಕೋಟೆ, ರಾಯಚೂರಿನ ಕಡೆ ಓದುತ್ತಿರುವವರು ಮೇಲಿನ ಸುಣ್ಣದ ಮಾತನ್ನು ಹಾಗೇ ಅನುಸರಿಸಬೇಡಿ. ಅಲ್ಲಿ ಅನೇಕ ಕಡೆ ಮಣ್ಣು 7.5, 8 ದಾಟಿರುತ್ತದೆ, ಬೋರ್‌ವೆಲ್‌ನ ಗಡಸು ನೀರು ಅದನ್ನು ಇನ್ನೂ ಏರಿಸುತ್ತದೆ. ಮೊದಲು ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹಾಕಿ ನೋಡಿ. ಬುರಬುರನೆ ನೊರೆ ಬಂದರೆ ಮಣ್ಣಿನಲ್ಲೇ ಸುಣ್ಣದ ಹರಳಿದೆ ಎಂದರ್ಥ. ಅಂಥ ಮಣ್ಣಿನ ಪಿಎಚ್ ಇಳಿಸಲು ಹೊರಟರೆ ಗಂಧಕ ಎಷ್ಟು ಹಾಕಿದರೂ ಸಾಲದು. ಗುಂಡಿಯನ್ನು ದೊಡ್ಡದಾಗಿ ತೋಡಿ, ಅರ್ಧ ಮಣ್ಣು ಅರ್ಧ ಕಳಿತ ಗೊಬ್ಬರ ತುಂಬಿ, ಕುಡಿ ಎಲೆ ಬಿಳಿಚಿದರೆ ಕಬ್ಬಿಣ ಮತ್ತು ಸತುವಿನ ಸಿಂಪಡಣೆ ಕೊಡುವುದೇ ಜಾಣತನ. ನೊರೆ ಬರದೆ ಪಿಎಚ್ 7.5ರ ಆಸುಪಾಸು ಇದ್ದರೆ ಗಂಧಕದ ಪುಡಿ ಚದರ ಮೀಟರಿಗೆ 50 ಗ್ರಾಂ ಬೆರೆಸಿ ಎರಡು-ಮೂರು ತಿಂಗಳು ತೇವವಾಗಿಡಿ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸುತ್ತವೆ. ಜಿಪ್ಸಂ ಬೇಕಾಗುವುದು ಸೋಡಿಯಂ ತುಂಬಿದ ಸವಳು ಮಣ್ಣಿಗೆ ಮಾತ್ರ, ಅದನ್ನು ಪ್ರಯೋಗಾಲಯದ ವರದಿ ನೋಡಿಯೇ ಹಾಕಬೇಕು.

ಹುಳಿಯ ದೋಷವಲ್ಲದ್ದು

ಬಳ್ಳಿ ಹುಲುಸಾಗಿದೆ, ಹೂವು ತುಂಬಿದೆ, ನಿಂಬೆಗಾತ್ರದ ಮಿಡಿ ಹಳದಿಯಾಗಿ ಉದುರುತ್ತಿದೆ. ಇದಕ್ಕೆ ಸುಣ್ಣ ಹಾಕಬೇಡಿ. ಪರಾಗಸ್ಪರ್ಶ ಆಗಿಲ್ಲ, ಅಷ್ಟೆ. ಬೆಳಿಗ್ಗೆ 6ರಿಂದ 8ರೊಳಗೆ ಅರಳಿದ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಮಿಡಿಯಿರುವ ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿ. ಜಡಿಮಳೆಯ ದಿನಗಳಲ್ಲಿ ಜೇನು ಹೊರಬರದು, ಆ ಕೆಲಸ ನಮ್ಮದೇ. ಮಿಡಿಯ ಮೇಲೆ ಚುಚ್ಚಿದ ಕಲೆ ಇದ್ದು ಒಳಗೆ ಹುಳು ಕಂಡರೆ ಅದು ಹಣ್ಣುನೊಣ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಆಯಾಸ. ಬುಡದಲ್ಲಿ ನೀರು ನಿಂತು ಬಾಡಿದ್ದರೆ ಮೇಲೇಳದು. ಕಾಯಿಯ ತುದಿ ಕಂದಿ ಒಳಗುಸಿದರೆ ಮಾತ್ರ ಕ್ಯಾಲ್ಸಿಯಂ ಕೊರತೆ ನೆನೆಯಬೇಕು, ಆಗ ಪಿಎಚ್ ಮತ್ತೊಮ್ಮೆ ಅಳೆಯುವುದು ಸರಿ.

ಆಮೇಲೆ

ಜಾಡಿಯಲ್ಲಿ ಸುಣ್ಣ ಮಣ್ಣಿನ ಕಣಕಣಕ್ಕೂ ಬೆರೆತಿರುತ್ತದೆ, ಗುಂಡಿಯಲ್ಲಿ ಅಷ್ಟು ಬೆರೆಯದು. ಹಾಗಾಗಿ ಎರಡು ತಿಂಗಳ ನಂತರ ಅಳೆದಾಗ ಜಾಡಿ ಹೇಳಿದ್ದಕ್ಕಿಂತ ಅಂಕಿ ತುಸು ಕಡಿಮೆ ಇರುತ್ತದೆ. ಗಾಬರಿಯಾಗಿ ನಿಂತ ಬಳ್ಳಿಯ ಬುಡಕ್ಕೆ ಮತ್ತೆ ಸುಣ್ಣ ಸುರಿಯಬೇಡಿ. ಕಾಯಿ ಕೊಯ್ದು ಬಳ್ಳಿ ಒಣಗಿದ ಮೇಲೆ, ಮುಂದಿನ ಶಿವರಾತ್ರಿಯ ಹೊತ್ತಿಗೆ ಅದೇ ಗುಂಡಿಗಳಿಂದಲೂ ಗುಂಡಿಯಾಚೆಯ ಮಣ್ಣಿನಿಂದಲೂ ಬೇರೆಬೇರೆ ಮಾದರಿ ತೆಗೆದು ಅಳೆಯಿರಿ. ನನ್ನ ಪುಸ್ತಕದಲ್ಲಿ ಗುಂಡಿಯ ಮಣ್ಣು 5.1ರಿಂದ 6.0ಕ್ಕೆ ಬಂದು, ಮರುವರ್ಷ ಸುಣ್ಣ ಹಾಕದೆ ಬಿಟ್ಟಾಗ 5.8ಕ್ಕೆ ಇಳಿದಿದೆ. ಮಳೆ ತನ್ನ ಕೆಲಸ ನಿಲ್ಲಿಸುವುದಿಲ್ಲವಲ್ಲ. ಈಗ ಎರಡು ವರ್ಷಕ್ಕೊಮ್ಮೆ ಗುಂಡಿಗೆ 100 ಗ್ರಾಂ ಡಾಲೊಮೈಟ್ ಬೆರೆಸುತ್ತಿದ್ದೇನೆ. ಕಳೆದ ಸಲ ಅಗೆದಾಗ ಗುಂಡಿಯ ಅಂಚು ದಾಟಿ ಹೊರಗೆ ಹರಿದ ಬೇರುಗಳು ಬಿಳಿಯಾಗಿ, ಕೂದಲೆಳೆಯಂತೆ ಕವಲೊಡೆದಿದ್ದವು.